ಕರಗಿ ಹೋಗೋ ಕೆಲ್ಸ
ನಿದ್ದೆ ಬರ್ದೆ ಫೋನ್ ತಿರುವ್ತಿದ್ದೆ, ಆಂಡಿ ಗೋಲ್ಡ್ಸ್‌ವರ್ದಿ ಅನ್ನೋ ಕಲಾವಿದನ ಫೋಟೋಗಳು ಕಣ್ಣಿಗ್ ಬಿದ್ವು, ಅಲ್ಲಿಗೆ ನಿದ್ದೆ ಪೂರ್ತಿ ಹೋಯ್ತು ಬಿಡಿ. ಮನುಷ್ಯ ಹುಟ್ಟಿದ್ದು 1956ರಲ್ಲಿ, ಇರೋದು ಸ್ಕಾಟ್ಲೆಂಡಲ್ಲಿ. ಕಲ್ಲು, ಎಲೆ, ಮುಳ್ಳು, ಹಿಮ ಇಷ್ಟೇ ಸಾಮಾನು. ಎಲೆ ಎಲೆ ಜೋಡ್ಸೋಕೆ ಮುಳ್ಳೇ ಪಿನ್ನು, ಮಂಜುಗಡ್ಡೆ ತುಂಡು ಅಂಟ್ಸೋಕೆ ನೀರು ಇಲ್ಲಾ ಎಂಜಲು, ಅದೂ ಮೈ ಕೊರೆಯೋ ಚಳೀಲಿ, ಆಮೇಲೆ ಬಿಸ್ಲು ಬಂದ್ರೆ ಎಲ್ಲಾ ನೀರು.

2000ದ ಜೂನಲ್ಲಿ, ನಡು ಬೇಸ್ಗೇಲಿ, ಲಂಡನ್ ಬೀದಿಗಳಲ್ಲಿ 13 ದೈತ್ಯ ಹಿಮದುಂಡೆ ಇಟ್ಟಿದ್ನಂತೆ! ಕರಗ್ತಾ ಕರಗ್ತಾ ಒಳಗಿಂದ ಕುರಿ ಉಣ್ಣೆ, ಕಾಗೆ ಪುಕ್ಕ ಎಲ್ಲಾ ಹೊರಗ್ ಬಂತಂತೆ. ಆಫೀಸಿಗೆ ಓಡೋ ಜನ ಏನಂದ್ಕೊಂಡ್ರೋ ಪಾಪ.

ನಂಗೆ ತುಂಬಾ ಹಿಡ್ಸಿದ್ದು ಮಾತ್ರ ಅವನ ಮಳೆ ನೆರಳು. ಮಳೆ ಶುರುವಾಗೋ ಹೊತ್ಗೆ ನೆಲದ್ ಮೇಲೆ ಅಂಗಾತ ಮಲಗ್ಬಿಡೋದು, ಸುತ್ತ ನೆಲ ನೆಂದ್ಮೇಲೆ ಏಳೋದು, ಮೈ ಇದ್ದ ಜಾಗ ಮಾತ್ರ ಒಣಗಿರತ್ತೆ, ಮನುಷ್ಯನ ಆಕಾರದಲ್ಲಿ. ಮುಂದಿನ ಹನಿಗಳು ಬಿದ್ರೆ ಅದೂ ಇಲ್ಲ, ಉಳಿಯೋದು ಫೋಟೋ ಒಂದೇ. ನಾನೋ, ಒಂದು ಪೋಸ್ಟ್ ಡಿಲೀಟ್ ಮಾಡೋಕೂ ಹತ್ಸಲ ಯೋಚ್ನೆ ಮಾಡೋಳು. ಮುಂದಿನ್ ಮಳೇಗೆ ಟೆರೇಸಲ್ಲಿ ಟ್ರೈ ಮಾಡ್ಬೇಕು, ಯಾರೂ ನೋಡ್ದೇ ಇದ್ರೆ.