‘ಬಟ್ಟೆ ಹರಿದರೆ ಏನು ಗತಿ?’ ಅನ್ನುವವರಿಗೆ

ನಾವು ಕೆಲವರು ಸೇರಿ ಮೈಸೂರಿನಲ್ಲಿ ಹಳೆಯ ಟೈಗರ್ ಮಾತ್ ವಿಮಾನವೊಂದನ್ನು ಮತ್ತೆ ಹಾರುವಂತೆ ಮಾಡುತ್ತಿದ್ದೇವೆ. ಮೇಲೊಂದು ಕೆಳಗೊಂದು ರೆಕ್ಕೆ ಇರುವ ಬೈಪ್ಲೇನ್. ಮೊದಲು ಹಾರಿದ್ದು 1931ರಲ್ಲಿ, ಇಂಗ್ಲೆಂಡಿನಲ್ಲಿ. ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಹಾರಲು ಕಲಿತದ್ದು ಇದರಲ್ಲೇ. ಇಷ್ಟು ಹೇಳಿದರೆ ಸಾಕು, ಎಲ್ಲರದ್ದೂ ಒಂದೇ ಪ್ರಶ್ನೆ: "ಬಟ್ಟೆ ಹೊದಿಸಿರ್ತಾರಂತೆ, ಮೇಲೆ ಹೋದಾಗ ಹರಿದರೆ?"

ಸರಸ್ವತಿಪುರಂನ ಮದುವೆಯೊಂದರಲ್ಲಿ ನಮ್ಮ ಸೋದರಮಾವ ಇಡೀ ಪಂಕ್ತಿಗೆ ಕೇಳುವ ಹಾಗೆ, "ಅಲ್ಲ ಕಣೋ, ಪಂಚೆ ಸುತ್ಕೊಂಡಿರೋ ವಿಮಾನ ಹತ್ತಿ ಯಾಕೋ ಸಾಯ್ತೀರಾ? ಬಣ್ಣ ಬಳಿದು ಯಾವುದಾದ್ರೂ ಸರ್ಕಲ್‌ನಲ್ಲಿ ನಿಲ್ಸಿಬಿಡಿ" ಅಂದರು. ಎಲ್ಲರೂ ನಕ್ಕರು. ಹಿರಿಯರಲ್ವಾ, ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಲ್ಲ.

ಅದು ಪಂಚೆಯಲ್ಲ ಮಾವ. ಲಿನನ್ ಬಟ್ಟೆ. ಮೇಣ ಹಚ್ಚಿದ ದಾರವನ್ನು ಉದ್ದನೆ ಸೂಜಿಯಲ್ಲಿ ರೆಕ್ಕೆಯ ಮೇಲಿನಿಂದ ಕೆಳಕ್ಕೆ ತೂರಿಸಿ, ರೆಕ್ಕೆಗೆ ಆಕಾರ ಕೊಡುವ ಮರದ ಪಕ್ಕೆಲುಬುಗಳಿಗೆ (ರಿಬ್) ಸೇರಿಸಿ ಹೊಲಿಯುತ್ತೇವೆ. ಪ್ರತಿ ಹೊಲಿಗೆಗೂ ಗಂಟು. ಒಂದು ಕಡೆ ದಾರ ಕಿತ್ತರೂ ಸಾಲಿಗೆ ಸಾಲೇ ಬಿಚ್ಚಿಕೊಳ್ಳುವುದಿಲ್ಲ. ಆಮೇಲೆ ಡೋಪ್ ಅನ್ನುವ ದ್ರವವನ್ನು ಪದರ ಪದರವಾಗಿ ಬಳಿಯುತ್ತೇವೆ. ಅದು ಒಣಗುತ್ತಾ ಬಟ್ಟೆಯನ್ನು ಬಿಗಿಯುತ್ತದೆ. ಬೆರಳಲ್ಲಿ ತಟ್ಟಿದರೆ ಢಣ್ ಅನ್ನಬೇಕು. ಬಿಸಿಲು ಬಟ್ಟೆಯನ್ನು ತಿನ್ನದಿರಲಿ ಅಂತ ಅಲ್ಯೂಮಿನಿಯಂ ಪುಡಿ ಬೆರೆಸಿದ ಪದರ ಬೇರೆ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಡೋಪ್ ಬೆಳ್ಳಗೆ ಕಟ್ಟಿ ಕೆಡುತ್ತದೆ. ಜುಲೈ ತಿಂಗಳಲ್ಲಿ ಬಂದು "ಇನ್ನೂ ಮುಗಿದಿಲ್ವಾ?" ಅನ್ನುವವರಿಗೂ ಇದೇ ಉತ್ತರ.

ಬಟ್ಟೆ ಕಣ್ಣೆದುರಿಗೇ ಇರುತ್ತದೆ. ಹಳತಾದರೆ ಬದಲಿಸಬಹುದು. ಕೇಳಬೇಕಾದದ್ದು ಅಂಟಿನ ಬಗ್ಗೆ. ಒಬ್ಬರೂ ಕೇಳಲ್ಲ! ರೆಕ್ಕೆಯ ಒಳಗಿರುವುದು ಸ್ಪ್ರೂಸ್ ಮರ, ತುಂಡು ತುಂಡಾಗಿ ಅಂಟಿಸಿದ್ದು. ವರ್ಷಗಟ್ಟಲೆ ತೇವ, ಬಿಸಿಲು ಕಂಡ ಅಂಟು ಹಿಡಿತ ಕಳೆದುಕೊಂಡಿರಬಹುದು. ಮರ ಮಾತ್ರ ಗಟ್ಟಿಯಾಗಿಯೇ ಕಾಣುತ್ತದೆ. ಅಪಾಯ ಇರುವುದು ಅಲ್ಲಿ. ಅದಕ್ಕೇ ಬಟ್ಟೆ ಪೂರ್ತಿ ತೆಗೆದು ಒಂದೊಂದು ಜೋಡಣೆಯನ್ನೂ ನೋಡಬೇಕು. ಅನುಮಾನ ಬಂದ ಕಡೆ ಬಿಚ್ಚಿ ಹೊಸದಾಗಿ ಕೂರಿಸಬೇಕು. ಬೀಟೆ ಮರದಲ್ಲಿ ಕುಸುರಿ ಮಾಡುವ ನಮ್ಮೂರ ಕೆಲಸಗಾರರಿಗೆ ಇದನ್ನು ವಿವರಿಸಲೇಬೇಕಿಲ್ಲ.

ಸರ್ಕಲ್‌ನಲ್ಲಿ ನಿಲ್ಲುವ ವಿಮಾನಕ್ಕೆ ಇಷ್ಟು ಕೆಲಸ ಯಾರು ಮಾಡ್ತಾರೆ? ಹೊರಗಿನ ಬಣ್ಣ ಚೆನ್ನಾಗಿದ್ದರೆ ಮುಗಿಯಿತು. ಹಾರಬೇಕು ಅಂದಾಗ ಮಾತ್ರ ಒಳಗಿನ ಪ್ರತಿ ಅಂಟೂ ಸರಿಯಿರಲೇಬೇಕು. ಹೀಗೆ ಮಾಡಿದರೇ ಈ ಕೆಲಸ ಗೊತ್ತಿರುವ ಕೈಗಳೂ ಉಳಿಯುತ್ತವೆ. ವಾಯುಪಡೆಯ ಹಳೆಯ ಟೈಗರ್ ಮಾತ್ ಒಂದು ರಿಪೇರಿಯಾಗಿ ಬಂದು 2012ರ ವಾಯುಪಡೆ ದಿನದಂದು ದೆಹಲಿ ಹತ್ತಿರದ ಹಿಂಡನ್ ವಾಯುನೆಲೆಯಲ್ಲಿ ಹಾರಿತು. ನಮ್ಮದೂ ಹಾರಬೇಕು.

ಈಗ ಎಡಗಡೆಯ ಕೆಳಗಿನ ರೆಕ್ಕೆ ಬಿಚ್ಚಿಟ್ಟಿದ್ದೇವೆ. ನೋಡುವ ಆಸೆ ಇದ್ದವರು ಬೇಗ ಬನ್ನಿ. ಬಟ್ಟೆ ಹೊದಿಸಿದ ಮೇಲೆ ಒಳಗಿನದ್ದು ಕಾಣಲ್ಲ.