ಸಿಪಾಯಿ ಆಗೋ ಹುಡುಗನಿಗೆ ಜನರಲ್ ಮಾತು ಯಾಕೆ?

ಬರುವ ಶನಿವಾರ ಹಾವೇರಿಯಲ್ಲಿ ನಮ್ಮ ಕಾಲೇಜಿಗೆ ಒಬ್ಬ ನಿವೃತ್ತ ಲೆಫ್ಟಿನೆಂಟ್ ಜನರಲ್ ಬರುತ್ತಿದ್ದಾರೆ. ಸುದ್ದಿ ಹಬ್ಬಿದಾಗಿನಿಂದ ಸಿಕ್ಕವರೆಲ್ಲ ಕೇಳುವುದು ಒಂದೇ. “ಸರ್, ನಮ್ಮ ಹುಡುಗ್ರು ನಸುಕಿನ್ಯಾಗ ಎದ್ದು ಗ್ರೌಂಡ್ ಸುತ್ತೋದು ಅಗ್ನಿವೀರ್ ಆಗಾಕ. ಅಂಥೋರಿಗೆ ಜನರಲ್ ಸಾಹೇಬ್ರು ಬಂದು ಏನ್ ಹೇಳ್ತಾರ್ರೀ?” ಹಿಂದೆ ಕರ್ನಲ್ ಒಬ್ಬರನ್ನು ಕರೆಸಿದಾಗಲೂ ಇದನ್ನೇ ಕೇಳಿದ್ದರು. ನಿಂತಲ್ಲೇ ಹೇಳಿ ಮುಗಿಸುವಷ್ಟು ಚಿಕ್ಕ ಉತ್ತರ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ಹುಡುಗರಿಗಾಗಿಯೇ ಅವರನ್ನು ಕರೆಸುತ್ತಿರುವುದು. ನಮ್ಮ ಕಡೆ ಮಿಲಿಟರಿಗೆ ಸೇರಬೇಕು ಅನ್ನೋ ಹುಡುಗನಿಗೆ ಭರ್ತಿ ರ‍್ಯಾಲಿ ಗೊತ್ತು, 1.6 ಕಿ.ಮೀ. ಓಟ ಗೊತ್ತು, ಎದೆ ಎಷ್ಟು ಉಬ್ಬಬೇಕು ಅನ್ನೋದೂ ಗೊತ್ತು. ಎನ್‌ಡಿಎ ಅಂದರೆ ಏನು ಅಂತ ಕೇಳಿದರೆ ಸುಮ್ನೆ ಮುಖ ನೋಡುತ್ತಾನೆ. ಸೇನೆಯ ಅಧಿಕಾರಿಗಳನ್ನು ತಯಾರು ಮಾಡುವ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ ಅದು, ಪಿಯುಸಿ ಎರಡನೇ ವರ್ಷದಲ್ಲಿ ಇದ್ದಾಗಲೇ ಅದರ ಪ್ರವೇಶ ಪರೀಕ್ಷೆ ಬರೆಯಬಹುದು. ಹತ್ತೊಂಬತ್ತೂವರೆ ವರ್ಷ ದಾಟಿತೋ, ಮುಗೀತು. ಜಾಣ ಹುಡುಗರು ಆ ವಯಸ್ಸು ದಾಟಿದ ಮೇಲೆ ಬಂದು “ಹಿಂಗೊಂದು ಐತಿ ಅಂತ ನಮಗ ಯಾರೂ ಹೇಳಲೇ ಇಲ್ಲ ಸರ್” ಅಂದಾಗ ನನಗೆ ಹೊಟ್ಟೆ ಉರಿಯುತ್ತದೆ.

ಲೆಫ್ಟಿನೆಂಟ್ ಜನರಲ್ ಆದವರ ನೌಕರಿ ಅಂದರೆ ಸುಮಾರು 38–39 ವರ್ಷ. ಅಷ್ಟೂ ವರ್ಷ ಏನು ಮಾಡಿದರು ಅನ್ನೋದನ್ನು ನಮ್ಮ ಮಕ್ಕಳು ಬಿಡಿಸಿ ಕೇಳಬೇಕು. ಖಡಕ್‌ವಾಸ್ಲಾದ ಎನ್‌ಡಿಎಯಲ್ಲಿ ಮೂರು ವರ್ಷ, ಡೆಹ್ರಾಡೂನ್‌ನ ಮಿಲಿಟರಿ ಅಕಾಡೆಮಿಯಲ್ಲಿ ಒಂದು ವರ್ಷ, ಆಮೇಲೆ ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸಿಗೆ ಲೆಫ್ಟಿನೆಂಟ್. ಆ ವಯಸ್ಸಿಗೆ ಮೂವತ್ತರಷ್ಟು ಸೈನಿಕರ ಹೊಣೆ ಹೆಗಲಿಗೆ ಬೀಳುತ್ತದೆ, ಅದರಲ್ಲಿ ಎಷ್ಟೋ ಜನ ಇವನಿಗಿಂತ ವಯಸ್ಸಿನಲ್ಲಿ ದೊಡ್ಡವರು. ಎರಡು ವರ್ಷಕ್ಕೆ ಕ್ಯಾಪ್ಟನ್, ಆರು ವರ್ಷಕ್ಕೆ ಮೇಜರ್, ಹದಿಮೂರಕ್ಕೆ ಲೆಫ್ಟಿನೆಂಟ್ ಕರ್ನಲ್. ಇಲ್ಲಿವರೆಗೆ ಪರೀಕ್ಷೆ ಪಾಸಾಗುತ್ತ, ಕೆಲಸ ನೆಟ್ಟಗೆ ಮಾಡುತ್ತ ಹೋದರೆ ವರ್ಷಕ್ಕೆ ತಕ್ಕ ಹಾಗೆ ಬಡ್ತಿ ಸಿಗುತ್ತದೆ. ಕರ್ನಲ್‌ನಿಂದ ಮೇಲಕ್ಕೆ ಹಾಗಲ್ಲ, ಆಯ್ಕೆ ಮಂಡಳಿ ಕೂತು ಆರಿಸುತ್ತದೆ. ಕರ್ನಲ್ ಕೈಯಲ್ಲಿ ಒಂದು ಬೆಟಾಲಿಯನ್, ಅಂದರೆ ಸುಮಾರು 800 ಮಂದಿ. ಬ್ರಿಗೇಡಿಯರ್‌ಗೆ ಅಂಥ ಮೂರು. ಮೇಜರ್ ಜನರಲ್‌ಗೆ ಅಂಥ ಬ್ರಿಗೇಡ್‌ಗಳು ಸೇರಿದ ಒಂದು ಡಿವಿಷನ್, ಲೆಫ್ಟಿನೆಂಟ್ ಜನರಲ್‌ಗೆ ಡಿವಿಷನ್‌ಗಳು ಸೇರಿದ ಕೋರ್. ಆರಿಸದೇ ಉಳಿದವರು ಇದ್ದ ಹುದ್ದೆಯಲ್ಲೇ ನಿವೃತ್ತರಾಗುತ್ತಾರೆ, ಸಾಮಾನ್ಯವಾಗಿ ಕರ್ನಲ್ 54ಕ್ಕೆ, ಲೆಫ್ಟಿನೆಂಟ್ ಜನರಲ್ 60ಕ್ಕೆ. ನಡುವೆ ಓದೋಕೆ ತಮಿಳುನಾಡಿನ ವೆಲ್ಲಿಂಗ್‌ಟನ್ ಸ್ಟಾಫ್ ಕಾಲೇಜು, ಇನ್ನೂ ಮೇಲಿದ್ದವರಿಗೆ ದೆಹಲಿಯ ನ್ಯಾಷನಲ್ ಡಿಫೆನ್ಸ್ ಕಾಲೇಜು. ಐವತ್ತು ದಾಟಿದರೂ ಓದೋದು ತಪ್ಪೋದಿಲ್ಲ! “ಮಿಲಿಟರಿಗೆ ಹೋಗಾಂವಗ ಓದು ಯಾಕ ಬೇಕು” ಅನ್ನೋ ಮಾತು ನಮ್ಮ ಊರುಗಳಲ್ಲಿ ಇನ್ನೂ ಇದೆ. ಶನಿವಾರ ಆ ಮಾತು ಒಬ್ಬ ಹುಡುಗನ ತಲೆಯಿಂದ ಹೋದರೂ ನನಗೆ ಸಾಕು.

ಆದರೆ ಸಿಪಾಯಿ ಆಗಿಯೇ ಸೇರುವ ಹುಡುಗನಿಗೆ? ಅವನಿಗೆ ಇನ್ನೂ ಜಾಸ್ತಿ ಬೇಕು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಅವರದ್ದೇ ತಗೊಳ್ಳಿ. 1948ರಲ್ಲಿ ಕಾಶ್ಮೀರದಲ್ಲಿ ಡಿವಿಷನ್ ಅವರ ಕೈಯಲ್ಲಿತ್ತು. ಲಡಾಖ್ ಕಡೆ ಹೋಗುವ ದಾರಿಯಲ್ಲಿ ಜೋಜಿ ಲಾ ಕಣಿವೆ, ಹನ್ನೊಂದು ಸಾವಿರ ಅಡಿಗಿಂತ ಮೇಲೆ, ಶತ್ರು ಮೇಲೆ ಕೂತಿದ್ದಾನೆ, ಕಾಲಾಳುಗಳ ದಾಳಿ ಫಲ ಕೊಟ್ಟಿಲ್ಲ. ಅಲ್ಲಿಗೆ ಟ್ಯಾಂಕ್ ಹತ್ತಿಸೋಣ ಅಂತ ನಿರ್ಧಾರವಾಯಿತು. ಯಾರಿಗೂ ಸುಳಿವು ಸಿಗಬಾರದು ಅಂತ ಟ್ಯಾಂಕಿನ ಮೇಲಿನ ಗೋಪುರ ಬಿಚ್ಚಿ ಗುಟ್ಟಾಗಿ ಸಾಗಿಸಿದರು. ಸೇನೆಯ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್‌ನವರು ಗುಡ್ಡ ಕಡಿದು ದಾರಿ ಮಾಡಿದರು (ಆ ಪಡೆಯ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ). ನವೆಂಬರ್ 1ರಂದು ಟ್ಯಾಂಕುಗಳು ಮೇಲೆ ಹತ್ತಿ ಜೋಜಿ ಲಾ ನಮ್ಮದಾಯಿತು. ಕೊರೆಯುವ ಚಳಿಯಲ್ಲಿ ಕಲ್ಲು ಒಡೆದವನು ಸಿಪಾಯಿ. ಮೇಲೆ ಏನು ಲೆಕ್ಕ ಹಾಕಿದ್ದಾರೆ, ತಾನು ಕಡಿಯುವ ಈ ದಾರಿ ಯಾಕೆ ಬೇಕು ಅಂತ ಅರ್ಥವಾದರೆ ಆ ಸಿಪಾಯಿಯ ಕೆಲಸಕ್ಕೆ ಬೇರೆಯದೇ ತೂಕ ಬರುತ್ತದೆ. ಅದನ್ನು ಹೇಳಬಲ್ಲವರು ಮೇಲೆ ಕೂತು ಲೆಕ್ಕ ಹಾಕಿದವರೇ ಅಲ್ವಾ?

ತಿಮ್ಮಯ್ಯ 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದರು. ನಿವೃತ್ತಿಯಾದ ಮೇಲೂ ವಿಶ್ವಸಂಸ್ಥೆ ಕರೆದಿತು, ಸೈಪ್ರಸ್‌ನಲ್ಲಿ ಶಾಂತಿಪಡೆ ನಡೆಸುತ್ತಿದ್ದಾಗ 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು.

ಇನ್ನೊಂದು ಹೆಸರು ಹೇಳಲೇಬೇಕು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದಲ್ಲಿ, ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ಆರು ದಿನ ಹಿಮದಡಿ ಇದ್ದೂ ಹನುಮಂತಪ್ಪ ಉಸಿರಾಡುತ್ತಿದ್ದರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು. ಆ ದಿನ ನಮ್ಮ ಕಡೆ ಅಳದ ಮನೆ ಇಲ್ಲ. ಅಂಥ ಜಾಗದಲ್ಲಿ ಪೋಸ್ಟ್ ಇಡಬೇಕು ಅಂತ ಯಾರು ನಿರ್ಧಾರ ಮಾಡುತ್ತಾರೆ, ಏನೇನು ತೂಗಿ ನೋಡುತ್ತಾರೆ, ಸಿಪಾಯಿ ಸತ್ತಾಗ ಆ ಅಧಿಕಾರಿಗೆ ರಾತ್ರಿ ನಿದ್ದೆ ಬರುತ್ತದಾ? ಇದನ್ನು ಜನರಲ್‌ಗೆ ಮರ್ಯಾದೆಯಿಂದ, ಆದರೆ ನೇರವಾಗಿ ಕೇಳಬೇಕು. ಮಕ್ಕಳನ್ನು ಕಳಿಸುವ ಊರಿನವರಿಗೆ ಕೇಳುವ ಹಕ್ಕಿದೆ.

ಅಗ್ನಿವೀರರನ್ನು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ ಬಗ್ಗೆಯೂ ಕೇಳಿ. ನಾಲ್ಕು ವರ್ಷ ಸೇವೆ, ಆಮೇಲೆ ಕಾಯಂ ಆಗುವವರು ಹೆಚ್ಚೆಂದರೆ ನೂರಕ್ಕೆ 25. ಉಳಿದವರು ಏನು ಮಾಡಬೇಕು? ಸೇವೆಯಲ್ಲಿರುವ ಅಧಿಕಾರಿ ಇದಕ್ಕೆ ಬಾಯಿ ಬಿಡೋದು ಕಷ್ಟ. ನಿವೃತ್ತರು ಇನ್ನಷ್ಟು ಬಿಚ್ಚಿ ಮಾತಾಡಬಹುದು. ಅವರನ್ನು ಕರೆಸುವ ಲಾಭವೇ ಅದು. ಸೇವೆಯಲ್ಲಿದ್ದುಕೊಂಡೇ ಸಿಪಾಯಿ ಅಧಿಕಾರಿಯಾಗುವ ದಾರಿಯೂ ಇದೆ, ಡೆಹ್ರಾಡೂನ್‌ನ ಆರ್ಮಿ ಕೆಡೆಟ್ ಕಾಲೇಜು. ಇದನ್ನು ಕೇಳಿಯೇ ಇರದ ಮಾಜಿ ಸೈನಿಕರ ಮನೆಗಳೂ ನಮ್ಮಲ್ಲಿವೆ.

ಇಂಗ್ಲಿಷ್ ಬರಲ್ಲ ಸರ್, ಅಂತ ಹೆದರುವವರಿಗೆ ಒಂದು ಮಾತು. ಎನ್‌ಡಿಎ ಪರೀಕ್ಷೆಯಲ್ಲಿ ಇಂಗ್ಲಿಷ್‌ಗೆ 200 ಅಂಕ ಇದೆ, ಅದನ್ನು ಓದಿಯೇ ತೀರಬೇಕು, ಸುಳ್ಳು ಧೈರ್ಯ ನಾನು ಹೇಳಲ್ಲ. ಆದರೆ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನದ ಐದು ದಿನ ನೋಡುವುದು ಹುಡುಗ ನಾಲ್ಕು ಜನರ ಜೊತೆ ಸೇರಿ ಹೇಗೆ ಕೆಲಸ ಮಾಡುತ್ತಾನೆ, ತೊಡಕು ಬಂದಾಗ ಏನು ಮಾಡುತ್ತಾನೆ ಅನ್ನೋದನ್ನ. ಹೊಲದ ಕೆಲಸ ಮಾಡಿ ಬೆಳೆದ ಹುಡುಗರು ಅದರಲ್ಲಿ ಯಾರಿಗೂ ಕಮ್ಮಿ ಇಲ್ಲ. ಡಿಗ್ರಿ ಜೊತೆ ಎನ್‌ಸಿಸಿ ‘ಸಿ’ ಸರ್ಟಿಫಿಕೇಟ್ ಇದ್ದವರಿಗಂತೂ ಲಿಖಿತ ಪರೀಕ್ಷೆ ಇಲ್ಲದೆ ನೇರ ಸಂದರ್ಶನಕ್ಕೆ ಹೋಗುವ ಅವಕಾಶ ಇದೆ. ಹೆಣ್ಣುಮಕ್ಕಳನ್ನೂ ಕರೆತನ್ನಿ. 2022ರಿಂದ ಎನ್‌ಡಿಎಯಲ್ಲಿ ಅವರಿಗೂ ತರಬೇತಿ ನಡೆದಿದೆ, ಮೊದಲ ತಂಡದ 17 ಹುಡುಗಿಯರು 2025ರ ಮೇ ತಿಂಗಳಲ್ಲಿ ಮುಗಿಸಿ ಹೊರಬಂದರು.

ಸಂಘಟಕರಲ್ಲೂ ಒಂದು ಬೇಡಿಕೆ. ಹಾವೇರಿ ಅಂದ ಮೇಲೆ ಏಲಕ್ಕಿ ಹಾರ ಇರಲೇಬೇಕು, ಹಾಕೋಣ. ಅಷ್ಟಕ್ಕೇ ನಿಲ್ಲಿಸೋಣ. ವೇದಿಕೆ ಮೇಲಿದ್ದವರೆಲ್ಲ ಎದ್ದು ದೇಶಭಕ್ತಿ ಭಾಷಣ ಮಾಡಿ ಮುಗಿಸುವ ಹೊತ್ತಿಗೆ ಮಕ್ಕಳಿಗೆ ಹಸಿವಾಗಿರುತ್ತದೆ, ಬಸ್ಸಿಗೆ ಟೈಮ್ ಆಗಿರುತ್ತದೆ. ಜನರಲ್ ಸಾಹೇಬರು ಫೋನಿನಲ್ಲಿ ಮೊದಲು ಕೇಳಿದ್ದೇ “ಪ್ರಶ್ನೆಗಳಿಗೆ ಎಷ್ಟು ಹೊತ್ತು ಇಟ್ಟಿದ್ದೀರಿ?” ಅಂತ. ಅರ್ಧ ಸಮಯ ಅಂತ ನಾನು ಮಾತು ಕೊಟ್ಟಿದ್ದೇನೆ.

ಕಾರ್ಯಕ್ರಮ ಬೆಳಗ್ಗೆ ಹತ್ತೂವರೆಗೆ. ಪ್ರಶ್ನೆಗಳನ್ನು ಕನ್ನಡದಲ್ಲೇ ಚೀಟಿಯಲ್ಲಿ ಬರೆದು ಕೊಡಿ, ಅವರಿಗೆ ಅರ್ಥವಾಗುವ ಹಾಗೆ ಹೇಳುವ ಕೆಲಸ ನನ್ನದು. ಮನೆಯಲ್ಲಿ ಐದನೇ ಕ್ಲಾಸಿನ ಮಗು ಇದ್ದರೂ ಕರೆದುಕೊಂಡು ಬನ್ನಿ, ಯಾಕಂದರೆ ಸೈನಿಕ ಶಾಲೆಗೆ ಸೇರುವುದು ಆರನೇ ಕ್ಲಾಸಿಗೆ. 2022ರಲ್ಲಿ ಸೇನೆಯ ಉಪಮುಖ್ಯಸ್ಥರಾದ ಲೆಫ್ಟಿನೆಂಟ್ ಜನರಲ್ ಬಿ.ಎಸ್. ರಾಜು ಓದಿದ್ದು ನಮ್ಮ ವಿಜಯಪುರದ ಸೈನಿಕ ಶಾಲೆಯಲ್ಲಿ. ಅದರ ಪ್ರವೇಶ ಪರೀಕ್ಷೆಯ ವಿವರ ಇರುವ ಹಾಳೆಗಳನ್ನೂ ಬಾಗಿಲ ಹತ್ತಿರ ಇಟ್ಟಿರುತ್ತೇವೆ, ಕೇಳಿ ತಗೊಂಡು ಹೋಗಿ.