ಮಾರ್ಕೋನಹಳ್ಳಿಗೆ ಗಾಳ ಹಿಡಿದು ಹೊರಡುವವರಿಗೆ: ಉಪ್ಪು ಹಾಕಿದ ಮೀನಿನ ಮೊಟ್ಟೆಯ ಎರೆ

ತುಮಕೂರಿನಿಂದ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ಕಡೆ ಗಾಳ ಹಾಕಲು ಹೋಗುವವರು ಸಾಮಾನ್ಯವಾಗಿ ಹಿಂದಿನ ರಾತ್ರಿ ರಾಗಿ ಹಿಟ್ಟಿಗೆ ಕಡಲೆಕಾಯಿ ಹಿಂಡಿ ಕಲಸಿಟ್ಟು ಹೊರಡುತ್ತಾರೆ. ಇಲ್ಲದಿದ್ದರೆ ತೋಟದಲ್ಲಿ ಎರೆಹುಳು ಅಗೆದುಕೊಳ್ಳುತ್ತಾರೆ. ಎರಡೂ ಒಳ್ಳೆಯ ಎರೆಗಳೇ. ಆದರೆ ಈ ಸಲ ಫೆಬ್ರವರಿಯಲ್ಲಿ ನಾನೂ ಚಿಕ್ಕಪ್ಪನೂ ಒಯ್ದದ್ದು ಉಪ್ಪು ಹಾಕಿ ಹದ ಮಾಡಿದ ಮೀನಿನ ಮೊಟ್ಟೆ. ಅದು ಚೆನ್ನಾಗಿ ಕೆಲಸ ಮಾಡಿತು. ಹಾಗಾಗಿ ಅದೇ ದಾರಿಯಲ್ಲಿ ಹೋಗುವವರಿಗೆ ಅನುಕೂಲವಾಗಲಿ ಅಂತ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಭಾನುವಾರ ಹೋಗಬೇಕು ಅಂದರೆ ಬುಧವಾರವೇ ಅಡುಗೆಮನೆಯಲ್ಲಿ ಕೆಲಸ ಶುರುವಾಗಬೇಕು.

ಈ ವಿದ್ಯೆ ನಮ್ಮ ಕಡೆಯದಲ್ಲ. ಅಮೆರಿಕದ ವಾಷಿಂಗ್ಟನ್, ಒರೆಗಾನ್ ರಾಜ್ಯಗಳಲ್ಲಿ ಸಾಲ್ಮನ್ ಹಿಡಿಯುವವರು ಇದನ್ನು ಬಹಳ ಅಕ್ಕರೆಯಿಂದ ಮಾಡುತ್ತಾರೆ. ಸಿಯಾಟಲ್ ಹತ್ತಿರ ಇರುವ ನಮ್ಮ ಭಾವ ಅಲ್ಲಿ ಕಲಿತದ್ದನ್ನು ನನಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದರು. ಸಾಲ್ಮನ್ ಸಮುದ್ರದಿಂದ ನದಿಗೆ ಹತ್ತಿ ಬಂದ ಮೇಲೆ ಊಟವನ್ನೇ ಬಿಟ್ಟುಬಿಡುತ್ತದೆ. ಮೊಟ್ಟೆ ಇಟ್ಟು ಸಾಯುವುದಕ್ಕೆ ಬಂದ ಮೀನು ಅದು. ಆದರೂ ತನ್ನ ಜಾತಿಯ ಮೊಟ್ಟೆಯ ಗೊಂಚಲು ಮುಂದೆ ತೇಲಿ ಬಂದರೆ ಬಾಯಿ ಹಾಕುತ್ತದೆ. ಹಸಿ ಮೊಟ್ಟೆ ಗಾಳದಲ್ಲಿ ನಿಲ್ಲುವುದಿಲ್ಲ, ಬೇಗ ಕೆಡುತ್ತದೆ. ಅದಕ್ಕೇ ಅಲ್ಲಿಯವರು ಉಪ್ಪು, ಸಕ್ಕರೆ, ಬಿಳಿಗಾರ (ಬೋರಾಕ್ಸ್) ಹಾಕಿ ಗಟ್ಟಿ ಮಾಡಿಟ್ಟುಕೊಳ್ಳುತ್ತಾರೆ. ಕೆಲವರು ಸೋಡಿಯಂ ಸಲ್ಫೈಟ್ ಅನ್ನುವ ಪುಡಿಯನ್ನೂ ಸೇರಿಸುತ್ತಾರೆ. ಅದು ಬಣ್ಣ ಉಳಿಸುತ್ತದೆ ನಿಜ, ಆದರೆ ಆ ಎರೆ ತಿಂದ ಸಾಲ್ಮನ್ ಮರಿಗಳು ಸಾಯುತ್ತವೆ ಎಂದು ಅಲ್ಲೇ ಕಂಡುಕೊಂಡಿದ್ದಾರೆ. ನಮಗೆ ಅದರ ಸಹವಾಸವೇ ಬೇಡ.

ಸಾಲ್ಮನ್ ಮೊಟ್ಟೆ ಕಡಲೆಕಾಳಿನಷ್ಟು ದಪ್ಪ. ನಮ್ಮ ಗೆಂಡೆ, ರೋಹು ಮೊಟ್ಟೆ ರಾಗಿಕಾಳಿನಷ್ಟು. ಇದೊಂದು ವ್ಯತ್ಯಾಸದಿಂದ ಎಷ್ಟೋ ಬದಲಾಗುತ್ತದೆ. ಅಲ್ಲಿ ಬಿಡಿ ಮೊಟ್ಟೆಯನ್ನೂ ಗಾಳಕ್ಕೆ ಚುಚ್ಚಬಹುದು. ನಮ್ಮಲ್ಲಿ ಮೊಟ್ಟೆಯ ಸುತ್ತ ಇರುವ ಪೊರೆಯನ್ನು ಜೋಪಾನ ಮಾಡಲೇಬೇಕು, ಹರಿದರೆ ಎಲ್ಲಾ ಸೋರಿಹೋಗುತ್ತದೆ.

ಮೊಟ್ಟೆ ಸಿಗುವ ಕಾಲ ನೋಡಿ. ಕಾಟ್ಲಾ, ರೋಹು, ಮೃಗಾಲ್ ಮಳೆಗಾಲದಲ್ಲಿ ಮೊಟ್ಟೆ ಇಡುವ ಮೀನುಗಳು. ಸಾಮಾನ್ಯ ಗೆಂಡೆ ಹಾಗಲ್ಲ, ಜನವರಿಯಿಂದ ಮಾರ್ಚ್ ಹೊತ್ತಿನಲ್ಲೂ ಅದರ ಹೊಟ್ಟೆ ತುಂಬಿರುತ್ತದೆ. ಜನವರಿ, ಫೆಬ್ರವರಿಯಲ್ಲಿ ಬಿಸಿಲೂ ಅಷ್ಟು ಜೋರಿರುವುದಿಲ್ಲ, ಎರೆ ಕೆಡುವ ಭಯವೂ ಕಡಿಮೆ. ಆದ್ದರಿಂದ ಇಂಥ ಪ್ರವಾಸಕ್ಕೆ ನನ್ನ ಆಯ್ಕೆ ಚಳಿಗಾಲದ ಕೊನೆ. ತುಮಕೂರಿನ ಮೀನಿನ ಅಂಗಡಿಗಳಿಗೆ ಆಂಧ್ರದಿಂದ ಐಸ್‌ನಲ್ಲಿ ಬರುವ ಮೀನು ಜಾಸ್ತಿ. ಅದರ ಮೊಟ್ಟೆ ಹುರಿದು ತಿನ್ನಲು ಸರಿ, ಎರೆಗೆ ಮೆತ್ತಗಾಗಿರುತ್ತದೆ. ಹತ್ತಿರದ ಕೆರೆಯಿಂದ ಬೆಳಿಗ್ಗೆ ಬಂದ ಮೀನಿನದ್ದು ಬೇಕು ಅಂತ ಹಿಂದಿನ ದಿನವೇ ಅಂಗಡಿಯವರಿಗೆ ಹೇಳಿಡಿ. ಮೊಟ್ಟೆಯ ಚೀಲ ಹರಿಯದ ಹಾಗೆ ತೆಗೆದುಕೊಡಿ ಅಂತಲೂ ಹೇಳಿ. ಇಲ್ಲದಿದ್ದರೆ ಅವರು ಅಭ್ಯಾಸಬಲದಿಂದ ಕರುಳಿನ ಜೊತೆ ಕಿತ್ತು ಹಾಕುತ್ತಾರೆ.

ಮನೆಗೆ ತಂದ ಮೊಟ್ಟೆಯನ್ನು ನಲ್ಲಿ ನೀರಲ್ಲಿ ತೊಳೆಯಬೇಡಿ. ಇದು ನಮ್ಮ ಕೈಗೆ ಒಗ್ಗದ ಮಾತು, ಮೀನು ಅಂದ ಕೂಡಲೇ ತೊಳೆಯುವ ಜನ ನಾವು. ಆದರೆ ಸಿಹಿನೀರು ತಗುಲಿದರೆ ಮೊಟ್ಟೆ ಬೆಳ್ಳಗಾಗುತ್ತದೆ, ಆಮೇಲೆ ಉಪ್ಪು ಸರಿಯಾಗಿ ಹಿಡಿಯುವುದಿಲ್ಲ. ರಕ್ತ ಮಾತ್ರ ಪೂರ್ತಿ ಹೋಗಬೇಕು. ಚೀಲದ ಉದ್ದಕ್ಕೂ ಒಂದು ಕೆಂಪು ನರ ಕಾಣುತ್ತದೆ. ಅದರ ತುದಿಯನ್ನು ಸೂಜಿಯಿಂದ ಚುಚ್ಚಿ, ಚಮಚದ ಹಿಂಭಾಗದಿಂದ ಮೆಲ್ಲಗೆ ಒತ್ತುತ್ತಾ ಬಂದರೆ ರಕ್ತ ತುದಿಯಲ್ಲಿ ಹೊರಗೆ ಬರುತ್ತದೆ. ಹಳೆಯ ಹತ್ತಿ ಬಟ್ಟೆಯಲ್ಲಿ ಒರೆಸಿ. ಮೊದಲು ವಾಸನೆ ಹಿಡಿಯುವುದು ರಕ್ತವೇ, ಅದು ಉಳಿದರೆ ಎಷ್ಟು ಉಪ್ಪು ಹಾಕಿದರೂ ಪ್ರಯೋಜನವಿಲ್ಲ.

ಆಮೇಲೆ ಕತ್ತರಿಯಿಂದ ದೊಡ್ಡ ನೆಲ್ಲಿಕಾಯಿ ಗಾತ್ರದ ತುಂಡು ಮಾಡಿ, ಒಂದೊಂದರಲ್ಲೂ ಪೊರೆ ಅಂಟಿಕೊಂಡಿರಲಿ. ಕಾಲು ಕೆಜಿ ಮೊಟ್ಟೆಗೆ ನಾನು ಹಾಕಿದ್ದು ಎರಡು ಚಮಚ ಕಲ್ಲುಪ್ಪಿನ ಪುಡಿ, ಒಂದು ಚಮಚ ಸಕ್ಕರೆ. ಅಯೋಡಿನ್ ಸೇರಿದ ಪುಡಿ ಉಪ್ಪು ಬೇಡ ಅಂತ ಭಾವ ಹೇಳಿದ್ದರು, ಸಾಲ್ಮನ್ ಹಿಡಿಯುವವರೆಲ್ಲ ಅದನ್ನು ದೂರವೇ ಇಡುತ್ತಾರಂತೆ. ಗಾಜಿನ ಬಾಟಲಿಯಲ್ಲಿ ಒಂದು ಪದರ ಮೊಟ್ಟೆ, ಮೇಲೆ ಉಪ್ಪು ಸಕ್ಕರೆ, ಮತ್ತೆ ಮೊಟ್ಟೆ, ಹೀಗೆ ತುಂಬಿ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಡಿ.

ಮುಂದಿನದನ್ನು ನೋಡುವುದೇ ಒಂದು ಖುಷಿ. ಒಂದು ಗಂಟೆಯೊಳಗೆ ಬಾಟಲಿ ತಳದಲ್ಲಿ ತಿಳಿ ಹಳದಿ ನೀರು ಬಿಡುತ್ತದೆ, ಮೊಟ್ಟೆ ಸುಕ್ಕಾದಂತೆ ಕಾಣುತ್ತದೆ. ಉಪ್ಪು ಒಳಗಿನ ನೀರನ್ನು ಎಳೆದುಕೊಂಡಿರುತ್ತದೆ. ಆ ನೀರನ್ನು ಚೆಲ್ಲಬೇಡಿ. ಆಗಾಗ ಬಾಟಲಿಯನ್ನು ತಲೆಕೆಳಗೆ ಮಾಡಿ ತಿರುಗಿಸುತ್ತಿರಿ. ಮಾರನೆಯ ದಿನದ ಹೊತ್ತಿಗೆ ಮೊಟ್ಟೆ ಆ ಉಪ್ಪುನೀರಲ್ಲಿ ಸ್ವಲ್ಪವನ್ನು ವಾಪಸ್ ಕುಡಿದು ಮತ್ತೆ ತುಂಬಿಕೊಳ್ಳುತ್ತದೆ. ಬಣ್ಣ ಗಾಢವಾಗುತ್ತದೆ. ಬೆರಳಲ್ಲಿ ಒತ್ತಿದರೆ ಒಡೆಯದೆ ಪುಟಿಯಬೇಕು, ಅದೇ ಹದ. ಆಗ ಜರಡಿಗೆ ಸುರಿದು ನೀರು ಬಸಿದು, ಫ್ಯಾನ್ ಕೆಳಗೆ ನೆರಳಲ್ಲಿ ಹರಡಿ. ಬೆರಳಿಗೆ ಅಂಟಂಟು ಅನ್ನಿಸಿದಾಗ ಬಿಳಿಗಾರದ ಪುಡಿಯಲ್ಲಿ ಹೊರಳಿಸಿ.

ಬಿಳಿಗಾರ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ, ಅಕ್ಕಸಾಲಿಗರು ಬೆಸುಗೆಗೆ ಬಳಸುವುದೂ ಅದನ್ನೇ. ಮೊಟ್ಟೆಯ ಹೊರಮೈ ಗಟ್ಟಿಯಾಗುವುದೂ, ಬೂಸಲು ಹಿಡಿಯದಿರುವುದೂ ಅದರಿಂದಲೇ. ಆದರೆ ಅದು ತಿನ್ನುವ ವಸ್ತುವಲ್ಲ. ಅಡುಗೆ ಪಾತ್ರೆ, ಚಮಚ ಬಳಸಬೇಡಿ, ಬೇರೆಯೇ ಡಬ್ಬಿ ಇಟ್ಟುಕೊಳ್ಳಿ. ಫ್ರಿಜ್‌ನಲ್ಲಿಡುವ ಬಾಟಲಿ ಮೇಲೆ ದೊಡ್ಡ ಅಕ್ಷರದಲ್ಲಿ ‘ಎರೆ, ತಿನ್ನಬೇಡಿ’ ಅಂತ ಚೀಟಿ ಅಂಟಿಸಿ. ಮೀನಿನ ಮೊಟ್ಟೆ ಫ್ರೈ ಅಂದರೆ ಪ್ರಾಣ ಬಿಡುವವರು ಪ್ರತಿ ಮನೆಯಲ್ಲೂ ಇರುತ್ತಾರೆ. ಮಕ್ಕಳಿರುವ ಮನೆಯಲ್ಲಿ ಬಿಳಿಗಾರ ಬಿಟ್ಟು ಬರೀ ಉಪ್ಪು ಸಕ್ಕರೆಯಲ್ಲಿ ಮಾಡುವುದೇ ಮೇಲು. ಹೆಚ್ಚು ದಿನ ಬಾಳುವುದಿಲ್ಲ, ಅಷ್ಟೇ.

ಇಡುವ ವಿಷಯ. ಆ ವಾರವೇ ಬಳಸುವುದಾದರೆ ಫ್ರಿಜ್ ಸಾಕು. ತಿಂಗಳುಗಟ್ಟಲೆ ಬೇಕಾದರೆ ಫ್ರೀಜರ್. ಒಂದು ಸಲಕ್ಕೆ ಬೇಕಾದಷ್ಟನ್ನೇ ಸಣ್ಣ ಜಿಪ್ ಕವರ್‌ಗಳಲ್ಲಿ ತೆಳ್ಳಗೆ ಹರಡಿ, ಗಾಳಿ ಪೂರ್ತಿ ಹಿಂಡಿ ತೆಗೆದು, ತಾರೀಖು ಬರೆದು ಇಡಿ. ಹೊರಡುವ ಹಿಂದಿನ ರಾತ್ರಿ ಫ್ರೀಜರ್‌ನಿಂದ ಕೆಳಗಿನ ಫ್ರಿಜ್‌ಗೆ ಇಳಿಸಿ, ಮೆಲ್ಲಗೆ ಕರಗಲಿ. ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿದರೆ ಮೊಟ್ಟೆ ಒಡೆದು ಅಂಬಲಿಯಾಗುತ್ತದೆ.

ಇನ್ನು ದಾರಿ. ತುಮಕೂರಿನಿಂದ ಗೂಳೂರು, ಹೆಬ್ಬೂರು ಮೇಲೆ ಕುಣಿಗಲ್. ಅಲ್ಲಿಂದ ಹಾಸನದ ಹೆದ್ದಾರಿ ಹಿಡಿದು ಯಡಿಯೂರು ಕಡೆ. ಬಸ್ಸಿನಲ್ಲಿ ಬರುವವರು ಕುಣಿಗಲ್‌ನಲ್ಲಿ ಬದಲಾಯಿಸಬೇಕು. ಬೆಂಗಳೂರಿನವರಿಗೆ ಯಡಿಯೂರಿನಲ್ಲಿ ರೈಲು ನಿಲ್ದಾಣವೂ ಇದೆ. ಯಡಿಯೂರಿನಿಂದ ಮುಂದಕ್ಕೆ ಸ್ವಂತ ಗಾಡಿ ಇದ್ದರೆ ಒಳ್ಳೆಯದು, ಗಾಳದ ಕೋಲು, ಐಸ್ ಪೆಟ್ಟಿಗೆ ಹೊತ್ತು ಆಟೋಗೆ ಕಾಯುವುದು ಕಷ್ಟ. ಎರೆಯ ಬಾಟಲಿಯನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಮೇಲೆ ಇಡಿ, ಕರಗಿದ ನೀರು ಒಳಗೆ ಹೋಗದ ಹಾಗೆ ಮುಚ್ಚಳಕ್ಕೆ ಟೇಪ್ ಸುತ್ತಿ. ಸಿದ್ಧಲಿಂಗೇಶ್ವರ ಸ್ವಾಮಿ ದೇವಸ್ಥಾನಕ್ಕೆ ಹೋಗುವ ಮನಸ್ಸಿದ್ದರೆ ಬೆಳಿಗ್ಗೆ ಹೋಗುವಾಗಲೇ ದರ್ಶನ ಮುಗಿಸಿ. ಮೀನು ಮುಟ್ಟಿದ ಕೈ, ಬಟ್ಟೆಯಲ್ಲಿ ವಾಪಸ್ ಬರುವಾಗ ಅಲ್ಲಿಗೆ ಹೋಗುವುದು ಸರಿಯಲ್ಲ, ಊರಿನವರಿಗೂ ನೋವಾಗುತ್ತದೆ.

ಮಾರ್ಕೋನಹಳ್ಳಿ ಶಿಂಷಾ ನದಿಗೆ ಕಟ್ಟಿದ ಅಣೆಕಟ್ಟು, ಮೈಸೂರು ಅರಸರ ಕಾಲದ್ದು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿದ ನೀರು ಇಲ್ಲಿ ನಿಲ್ಲುತ್ತದೆ ಅಂದಾಗ ತುಮಕೂರಿನವನಾದ ನನಗೆ ಒಂದು ಅಭಿಮಾನ. ಇದರ ವಿಶೇಷ ಸೈಫನ್ ವ್ಯವಸ್ಥೆ. ಗೇಟು ಎತ್ತುವವರು ಬೇಕಿಲ್ಲ. ನೀರಿನ ಮಟ್ಟ ಒಂದು ಎತ್ತರ ದಾಟಿದ ಕೂಡಲೇ ಕೊಳವೆಯೊಳಗಿನ ಗಾಳಿಯನ್ನು ನೀರು ತಳ್ಳಿ ಹಾಕುತ್ತದೆ, ತಕ್ಷಣ ಪೂರ್ತಿ ರಭಸದಲ್ಲಿ ನೀರು ಹೊರಗೆ ನುಗ್ಗುತ್ತದೆ. ಮಟ್ಟ ಇಳಿದು ಗಾಳಿ ಒಳಗೆ ಹೋದಾಗ ತಾನೇ ನಿಲ್ಲುತ್ತದೆ. ನೋಡಲು ಅದ್ಭುತ. ಆದರೆ ಕೆಳಗೆ ನಿಂತವರಿಗೆ ಅಷ್ಟೇ ಅಪಾಯ, ಯಾಕೆಂದರೆ ನೀರು ಸ್ವಲ್ಪ ಸ್ವಲ್ಪವಾಗಿ ಏರುವುದಿಲ್ಲ, ಒಮ್ಮೆಲೇ ಬರುತ್ತದೆ. 2025ರ ಅಕ್ಟೋಬರ್‌ನಲ್ಲಿ ತುಮಕೂರಿನಿಂದ ಹೋಗಿದ್ದ ಒಂದು ಕುಟುಂಬದ ಹಲವರು ಇಲ್ಲಿ ಹೀಗೆಯೇ ನೀರುಪಾಲಾದರು. ದಯವಿಟ್ಟು ಮಳೆಗಾಲದಲ್ಲಾಗಲಿ, ಕೆರೆ ತುಂಬಿದಾಗಾಗಲಿ ಸೈಫನ್ ಕೆಳಗಿನ ಹಳ್ಳಕ್ಕೆ ಇಳಿಯಬೇಡಿ. ಅಲ್ಲಿ ಎಷ್ಟೇ ಮೀನು ಕಂಡರೂ ಬೇಡ.

ಇನ್ನೊಂದು, ಅನುಮತಿ. ದೊಡ್ಡ ಕೆರೆ, ಜಲಾಶಯಗಳ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಯ ಕೈಯಲ್ಲಿರುತ್ತದೆ. ಗುತ್ತಿಗೆ ಪಡೆದವರು, ಲೈಸೆನ್ಸ್ ಇರುವ ಮೀನುಗಾರರು ಅದರಿಂದಲೇ ಬದುಕುವವರು. ಮೊದಲು ದಂಡೆಯಲ್ಲಿ ಬಲೆ ಬಿಡಿಸುತ್ತಿರುವವರನ್ನು ಮಾತಾಡಿಸಿ, ಯಾರನ್ನು ಕೇಳಬೇಕು ಅಂತ ತಿಳಿದುಕೊಂಡು ಗಾಳ ಬಿಚ್ಚಿ. ನಾವು ಕೇಳಿದಾಗ ತೆಪ್ಪದಲ್ಲಿದ್ದ ಹಿರಿಯರೊಬ್ಬರು, “ಬಲೆ ಕಟ್ಟಿರೋ ಕಡೆ ಹಾಕ್ಬೇಡಿ ಸ್ವಾಮಿ, ಆ ಜಾಲಿ ಗಿಡದ ಹತ್ರ ಕೂತ್ಕೊಳ್ಳಿ” ಅಂತ ಜಾಗವನ್ನೂ ತೋರಿಸಿದರು. ಅಲ್ಲಿಯೇ ಮೀನು ಇದ್ದದ್ದು.

ಗಾಳಕ್ಕೆ ಮೊಟ್ಟೆ ಕಟ್ಟುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಹೋಗಿ. ತಂಗೂಸಿಯನ್ನು, ಅಂದರೆ ಗಾಳದ ನೈಲಾನ್ ದಾರವನ್ನು, ಗಾಳದ ಕಣ್ಣಲ್ಲಿ ಮುಂದಿನಿಂದ ತೂರಿಸಿ, ಗಾಳದ ಬೆನ್ನಿಗೆ ಬಿಗಿಯಾಗಿ ಸುತ್ತುತ್ತಾ ಬಂದು, ಇನ್ನೊಂದು ತುದಿಯನ್ನು ಮತ್ತೆ ಅದೇ ಕಣ್ಣಲ್ಲಿ ತಂದು ಇನ್ನೂ ಕೆಲವು ಸುತ್ತು ಹಾಕಿ ಎಳೆಯಬೇಕು. ಹೀಗೆ ಕಟ್ಟಿದ ಮೇಲೆ ದಾರವನ್ನು ಕಣ್ಣಿನ ಕಡೆಗೆ ಹಿಂದಕ್ಕೆ ತಳ್ಳಿದರೆ ಬೆನ್ನಿನ ಮೇಲೆ ಒಂದು ಕುಣಿಕೆ ತೆರೆಯುತ್ತದೆ. ಮೊಟ್ಟೆಯ ತುಂಡಿನ ಪೊರೆಯನ್ನು ಅದರೊಳಗೆ ಇಟ್ಟು ದಾರ ಎಳೆದರೆ ಕುಣಿಕೆ ಅಮುಕಿ ಹಿಡಿಯುತ್ತದೆ. ಚುಚ್ಚುವುದೇ ಬೇಡ. ಸಾಲ್ಮನ್ ಹಿಡಿಯುವವರ ಗಂಟು ಇದು, ನಮ್ಮ ಸಣ್ಣ ಗಾಳಕ್ಕೂ ಚೆನ್ನಾಗಿ ಹೊಂದುತ್ತದೆ. ಪೊರೆ ಹರಿದ ತುಂಡುಗಳನ್ನು ತೆಳು ಜಾಲರಿ ಬಟ್ಟೆಯಲ್ಲಿ ಪುಟ್ಟ ಗಂಟು ಕಟ್ಟಿ ಹಾಕಬಹುದು. ನೈಲಾನ್ ಜಾಲರಿ ನೀರಲ್ಲಿ ಕೊಳೆಯುವುದಿಲ್ಲ, ಹತ್ತಿಯದ್ದೇ ಹುಡುಕಿ.

ಬೆಂಡು ಕಟ್ಟಿ, ಸಣ್ಣ ಸೀಸ ಹಾಕಿ, ಎರೆ ತಳಕ್ಕಿಂತ ಗೇಣು ಮೇಲೆ ನಿಲ್ಲುವ ಹಾಗೆ ಬಿಟ್ಟೆವು. ಮೊದಲು ಬಂದದ್ದು ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಅದು ಎರೆಯನ್ನು ಒಂದೇ ಸಲ ನುಂಗುವುದಿಲ್ಲ, ಕುಟುಕುತ್ತದೆ. ಬೆಂಡು ಸುಮ್ನೆ ನಡುಗುತ್ತದೆ. ರಾಗಿ ಹಿಟ್ಟಾಗಿದ್ದರೆ ಅಷ್ಟರಲ್ಲಿ ಖಾಲಿ. ಮೊಟ್ಟೆ ಮಾತ್ರ ಹಾಗೇ ನಿಂತಿತ್ತು, ಒಂದೊಂದೇ ಕಾಳು ಉದುರುತ್ತಾ ಸುತ್ತಲಿನ ಮೀನುಗಳನ್ನೂ ಕರೆಯುತ್ತಿತ್ತು. ಇದೇ ಈ ಎರೆಯ ದೊಡ್ಡ ಗುಣ ಅಂತ ನನಗನ್ನಿಸುತ್ತದೆ. ಚಿಕ್ಕಪ್ಪ ಪಕ್ಕದಲ್ಲೇ ಹಿಂಡಿ ಉಂಡೆ ಹಾಕಿದ್ದರು. ಗೆಂಡೆ ಸಿಕ್ಕಿದ್ದು ಅವರ ಗಾಳಕ್ಕೆ. ಗೆಂಡೆಗೆ ಈಗಲೂ ಹಿಂಡಿಯೇ ವಾಸಿ, ಮೊಟ್ಟೆಗೆ ಅದು ಅಷ್ಟು ಆಸೆಪಡಲಿಲ್ಲ. ಹೊತ್ತು ಇಳಿಯುವಾಗ ನನ್ನ ಬೆಂಡು ಸೀದಾ ಒಳಗೆ ಹೋಯಿತು. ಮೇಲೆ ಬಂದದ್ದು ಮೀಸೆಯ ಬಾಳೆ ಮೀನು. ಅದರ ಬಾಯಿ ತುಂಬ ಚೂಪು ಹಲ್ಲು, ಬೆರಳು ಹಾಕಬೇಡಿ, ಗಾಳ ಬಿಡಿಸಲು ಇಕ್ಕಳ ಜೊತೆಗಿರಲಿ.

ಉಳಿದ ಎರೆಯನ್ನು ದಂಡೆಯಲ್ಲಿ ಚೆಲ್ಲಿ ಬರಬೇಡಿ, ನಾಯಿಗಳು ತಿನ್ನುತ್ತವೆ, ಬಿಳಿಗಾರ ಅವಕ್ಕೂ ಆಗುವುದಿಲ್ಲ. ಮಣ್ಣಲ್ಲಿ ಆಳಕ್ಕೆ ಹೂತುಬಿಡಿ. ತುಂಡಾದ ತಂಗೂಸಿಯನ್ನು ಸುತ್ತಿ ಜೇಬಿಗೆ ಹಾಕಿಕೊಳ್ಳಿ, ಕೊಕ್ಕರೆಗಳ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಹಿಡಿದ ಮೀನನ್ನು ಅಲ್ಲೇ ಕರುಳು ತೆಗೆಸಿ ಐಸ್‌ಗೆ ಹಾಕಿಸಿದರೆ ತುಮಕೂರು ಮುಟ್ಟುವವರೆಗೂ ತಾಜಾ ಇರುತ್ತದೆ. ಹಾಗೆ ತೆಗೆಸುವಾಗ ಗೆಂಡೆಯ ಹೊಟ್ಟೆಯಲ್ಲಿ ಮೊಟ್ಟೆ ಸಿಕ್ಕರೆ ಬೇರೆ ಕವರ್‌ನಲ್ಲಿ, ನೀರು ತಾಗದ ಹಾಗೆ ಕಟ್ಟಿಸಿಕೊಳ್ಳಿ. ಅಂಗಡಿಯಲ್ಲಿ ಅಷ್ಟು ಹೊಸದು ಸಿಗುವುದೇ ಇಲ್ಲ, ರಾತ್ರಿ ಮಲಗುವ ಮುಂಚೆ ಉಪ್ಪು ಹಾಕಿಟ್ಟರೆ ಸಾಕು.